ಕೊಟ್ಟ ಹೆಸರು

ರಕ್ತನಿಧಿಯ ಸಾಫ್ಟ್‌ವೇರ್ ಸತ್ತರೆ ಪಕ್ಕದ ಸರ್ವರ್ ಎದ್ದು ಅದರ ಕೆಲಸ ಹಿಡಿಯಬೇಕು. ಸತ್ತಿತೋ ಇಲ್ಲವೋ ಎಂದು ನೋಡುತ್ತಿರಲು ಚಿದಾನಂದ ಕೈಯಾರೆ ಒಂದು ಕಾವಲು ಪ್ರೋಗ್ರಾಂ ಬರೆದಿದ್ದ. ಅದಕ್ಕೊಂದು ಹೆಸರು ಕೊಟ್ಟರೆ ಸಾಕು, ಸರ್ವರ್‌ನಲ್ಲಿ ಓಡುತ್ತಿರುವುದನ್ನೆಲ್ಲ ಜಾಲಾಡಿ, ಆ ಹೆಸರು ಎಲ್ಲಾದರೂ ಕಂಡರೆ ‘ಬದುಕಿದೆ’ ಎನ್ನುತ್ತಿತ್ತು.

ಇವತ್ತು ಬೆಳಿಗ್ಗೆಯಿಂದ ರಕ್ತನಿಧಿಯ ಪರದೆಗಳೆಲ್ಲ ಕಪ್ಪು. ಆಪರೇಷನ್ ಟೇಬಲ್ ಮೇಲೆ ಒಬ್ಬ ಬಾಣಂತಿ ಕಾಯುತ್ತಿದ್ದಳು. ಅವಳ ಗುಂಪಿನ ರಕ್ತ ಯಾವ ಫ್ರಿಜ್‌ನಲ್ಲಿದೆಯೋ ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಸರ್ವರ್ ಮಾತ್ರ ಹಾಯಾಗಿ ಮಲಗಿತ್ತು.

“ಬದುಕಿದೆ ಅಂತಲೇ ತೋರಿಸ್ತಿದೆ ಮೇಡಂ,” ಎಂದ ಚಿದಾನಂದ.

“ಕೊಟ್ಟ ಹೆಸರನ್ನ ಹಿಡ್ಕೊಂಡು ನಿಮ್ಮ ಕಾವಲು ಪ್ರೋಗ್ರಾಮೂ ಅಲ್ಲೇ ಓಡ್ತಿರುತ್ತಲ್ಲ,” ಎಂದರು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ ಲವೀನಾ. “ತನ್ನನ್ನೇ ನೋಡ್ಕೊಂಡು ಹೇಳ್ತಿಲ್ಲ ತಾನೆ?”

“ಅಷ್ಟು ಪೆದ್ದು ಪ್ರೋಗ್ರಾಂ ನಾನು ಬರೆಯಲ್ಲ ಮೇಡಂ.”

“ಹಾಗಾದ್ರೆ ಅಲ್ಲಿರೋಕೆ ಸಾಧ್ಯವೇ ಇಲ್ಲದ ಹೆಸರೊಂದು ಕೊಟ್ಟು ನೋಡಿ.”

ಚಿದಾನಂದನಿಗೆ ರೇಗಿತು. ಅಜ್ಜನ ತಿಥಿಗೆ ಹೋಗಿ ವಡೆ ತಿಂದು ಬಂದು ಇನ್ನೂ ವಾರವಾಗಿರಲಿಲ್ಲ. ಅವರ ಹೆಸರನ್ನೇ ಕುಟ್ಟಿ ಎಂಟರ್ ಒತ್ತಿದ.

‘ಗುಂಡಾಭಟ್ಟ: ಬದುಕಿದೆ.’