ಉತ್ತರ ಗೋಡೆಯ ಕಿಟಕಿ

ಹಳೇ ಇಗರ್ಜಿಯ ಉತ್ತರ ಗೋಡೆಯಲ್ಲಿ ಒಂದು ತಗ್ಗು ಕಿಟಕಿಯಿತ್ತು. ಹಿಂದೆ ಕುಷ್ಠರೋಗಿಗಳು ಹೊರಗೆ ನಿಂತು ಅದರಿಂದಲೇ ಬಲಿಪೂಜೆ ನೋಡುತ್ತಿದ್ದರಂತೆ. ಗೋಡೆ ದುರಸ್ತಿಯಾಗುವಾಗ ಹೊಸ ಪಾದ್ರಿಗಳು ಅದನ್ನು ಮುಚ್ಚಿಸಲು ಹೊರಟರು.

"ಬೇಡ ಫಾದರ್," ಎಂದಳು ಇಗರ್ಜಿಯ ಮುಖಂಡ, ಗುರಿಕಾರ ಬಸ್ತ್ಯಾಂವನ ಹೆಂಡತಿ ಸೆವ್ರಿನ್. "ನಮ್ಮ ಜೂಲಿ ಆದಿತ್ಯವಾರ ಅಲ್ಲೇ ಹೊರಗೆ ನಿಲ್ತಾಳೆ. ಒಳಗಿಂದ ನಾನು ಅವಳ ಕೈ ಹಿಡ್ಕೊಳ್ಳುದು."

ಮಗಳು ಜೂಲಿ ಬೇರೆ ಧರ್ಮದವನನ್ನು ಮದುವೆಯಾದಾಗ, ಅವಳು ಇನ್ನು ಈ ಬಾಗಿಲು ದಾಟಕೂಡದೆಂದು ಬಸ್ತ್ಯಾಂವ ಇಗರ್ಜಿಯ ಹೊಸ್ತಿಲಲ್ಲೇ ಆಣೆ ಹಾಕಿದ್ದ. ಈಗ ಹೆಂಡತಿಯ ಮಾತು ಅವನ ಕಿವಿಗೂ ಬಿತ್ತು. ಅವನು ತಿರುಗಿ ಹೊರಟುಹೋದ.

ಮರುದಿನ ಬೆಳಿಗ್ಗೆ ಅವನು ಕಿಟಕಿಯೆದುರು ಹಾರೆ ಹಿಡಿದು ನಿಂತಿದ್ದ.

"ಮುಚ್ಚಲಿಕ್ಕೆ ಹಾರೆ ಯಾಕೆ ಗುರಿಕಾರರೇ?" ಎಂದು ಮೇಸ್ತ್ರಿ ಕೇಳಿದ.

"ನೆಲದವರೆಗೆ ಒಡಿ ಮಾರಾಯ. ಜೂಲಿ ದಾಟಬಾರದು ಅಂತ ನಾನು ಅಂದದ್ದು ಆ ಬಾಗಿಲು ಮಾತ್ರ."