ಬೇರಿಂಗಿಗೆ ಹಚ್ಚಿದ ವಿಭೂತಿ

ಸ್ವಿಚ್ ಒತ್ತಿದ್ದೇ ತಡ, ಪಂಪು ಗುಡುಗಿದ ಅಬ್ಬರಕ್ಕೆ ಮಾಚೇನಹಳ್ಳಿಯ ತಗಡಿನ ಶೆಡ್ಡುಗಳೆಲ್ಲ ಗೇಣುದ್ದ ಮೇಲೆದ್ದು ಕೂತವು. ಭದ್ರಾವತಿಯ ಹೋಟೆಲುಗಳಲ್ಲಿ ಟೀ ಲೋಟಗಳು ತಾವಾಗಿಯೇ ಕುಣಿದವು. ದೂರದ ಕರಾವಳಿಯ ಅಣುಸ್ಥಾವರದಲ್ಲಿ ಸುನಾಮಿಯ ಉಪ್ಪುನೀರು ಕುಡಿದು ಸತ್ತು, ರಿಪೇರಿಗೆಂದು ಇಲ್ಲಿಗೆ ಬಂದಿದ್ದ ಪಂಪು ಅದು. ಅಪಾಯದ ಹೊತ್ತಿನಲ್ಲಿ ರಿಯಾಕ್ಟರನ್ನು ತಣ್ಣಗಿಡುವುದು ಅದರ ಕೆಲಸ. ಅದಕ್ಕೆ ಜೀವ ಕೊಟ್ಟ ಫಿಟ್ಟರ್ ಮುರುಗೇಶಪ್ಪ ಮೂವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪು ಮಾಡಿದವನಲ್ಲ. ಹಾಗಂತ ಅವನೇ ದಿನಕ್ಕೆ ನೂರು ಸಲ ಹೇಳುತ್ತಿದ್ದ.

"ಮೀಟರು ಪಾಸ್ ಅಂತಿದೆ, ಮುರುಗೇಶಪ್ಪೋರೇ! ನಾಳೆನೇ ಲಾರಿಗೆ ಹಾಕ್ಸಿ," ಎಂದು ಸ್ಥಾವರದಿಂದ ಬಂದ ಇನ್ಸ್‌ಪೆಕ್ಟರ್ ಶಾಮಲಾ ಸಹಿಗೆ ಪೆನ್ನು ತೆಗೆದರು. ಕೆಲಸದವರು ಶಿಳ್ಳೆ ಹೊಡೆದರು. ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡಿದ್ದ ಮುರುಗೇಶಪ್ಪ ಮಾತ್ರ ಕಲ್ಲಾದ. ಒಳಗೆ ಸರಸರ ಸದ್ದು. ಸಾಸಿವೆಯಷ್ಟೇ ಸದ್ದು, ಅವನ ಎದೆಗೆ ಮಾತ್ರ ಜೋಗದ ಹಾಗೆ ಧುಮುಕಿತು. ಯಾವ ಯಂತ್ರದ ಮುಚ್ಚಳ ಹಾಕುವ ಮುಂಚೆಯೂ ಒಳಗೊಂದು ಚಿಟಿಕೆ ವಿಭೂತಿ ಹಚ್ಚುವುದು ಅವನ ಪದ್ಧತಿ. ಈ ಸಲ ಆ ಬೂದಿ ಬೇರಿಂಗಿನ ಎಣ್ಣೆಗಿಳಿದು ಉಕ್ಕನ್ನು ತೇಯುತ್ತಿತ್ತು. ಸುಮ್ಮನಿದ್ದರೆ ಅವನ ಹೆಸರು ಉಳಿಯುತ್ತಿತ್ತು.

"ಸಹಿ ಹಾಕ್ಬೇಡಿ ಮೇಡಂ!" ಎಂದು ಅವನು ಕೂಗಿದ ಕೂಗು ಶಿವಮೊಗ್ಗ ಮುಟ್ಟಿರಬೇಕು. "ಬೇರಿಂಗಿಗೆ ವಿಭೂತಿ ಇಳಿದಿದೆ. ಹಚ್ಚಿದ್ದು ನಾನೇ, ತಪ್ಪು ನಂದೇ."

ಶಾಮಲಾ ತಾವೂ ಸ್ಕ್ರೂಡ್ರೈವರಿಗೆ ಕಿವಿಗೊಟ್ಟರು. ಅವರ ಹುಬ್ಬು ಹಣೆ ದಾಟಿ ಹೋಯಿತು.

"ಆಫ್ ಮಾಡಿ ಬಿಚ್ಚಿ, ಮಾರಾಯ್ರೇ," ಎಂದರು. "ಈ ಸಲಾನೂ ನೀವೇ ಜೋಡ್ಸಿ. ವಿಭೂತಿ ಹೊರಗಡೆ ಹಚ್ಚಿ."