ನದಿ ಹಿತ್ತಲಿಗೆ ಹೋದದ್ದು

ನೆರೆ ಇಳಿದ ಬೆಳಿಗ್ಗೆ ದರ್ಜಿ ಮುಂಬಾಗಿಲು ತೆಗೆದು ನೋಡಿದರೆ ಎದುರಿಗೆ ನದಿ ಇರಲಿಲ್ಲ. ಬರೀ ಕೆಸರಿನ ಹಳ್ಳ. ಹೋಗಿ ಹಿತ್ತಲ ಬಾಗಿಲು ತೆಗೆದ. ನದಿ ಅಲ್ಲಿ, ಬಚ್ಚಲಿನ ಗೋಡೆಗೆ ಮೈ ಉಜ್ಜಿಕೊಂಡು, ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಹರಿಯುತ್ತಿತ್ತು.

ನದಿಯ ಆಚೆ ದಡ ಬೇರೆ ದೇಶ. ದರ್ಜಿಯ ಹೆಂಡತಿ ಅಲ್ಲಿಯವಳು. ಮಳೆಗಾಲಕ್ಕೆ ಮುಂಚೆ ಅವನು ಅತ್ತೆಯ ಬಗ್ಗೆ ಆಡಬಾರದ ಮಾತೊಂದನ್ನು ಆಡಿದ್ದಕ್ಕೆ ಮುನಿಸಿಕೊಂಡು, ದೋಣಿ ಹತ್ತಿ ತವರಿಗೆ ಹೋಗಿದ್ದಳು. ಬಂದು ಕರೆಯಲಿ ಎಂದು ಅವಳು, ಹೋದವಳೇ ಬರಲಿ ಎಂದು ಅವನು. ನದಿ ಎಷ್ಟು ಕಿರಿದೆಂದರೆ ಇವನು ಕೆಮ್ಮಿದರೆ ಅವಳಿಗೆ ಕೇಳಿಸುತ್ತಿತ್ತು. ಕೇಳಿಸಲೆಂದೇ ಕೆಲವೊಮ್ಮೆ ಕೆಮ್ಮುತ್ತಿದ್ದ.

ಈಗ ಅವಳು ಚಪ್ಪಲಿ ಕೈಯಲ್ಲಿ ಹಿಡಿದು, ಆ ಹಳ್ಳದ ಕೆಸರು ತುಳಿದುಕೊಂಡು, ನೇರ ಮನೆ ಬಾಗಿಲಿಗೆ ಬಂದಳು.

"ಮಷೀನು?"

"ಮಂಚದ ಮೇಲೆ ಎತ್ತಿಟ್ಟೆ."

"ನೀವೆಲ್ಲಿ ಮಲಗಿದ್ರಿ?"

"ಮಲಗಲಿಲ್ಲ."

ಅವಳು ಪೊರಕೆ ಹುಡುಕಿದಳು.

ಮಧ್ಯಾಹ್ನ ಸರ್ಕಾರದ ಸರ್ವೆಯರ್ ಬಂದ. ನದಿ ಹೀಗೆ ರಾತ್ರೋರಾತ್ರಿ ಜಾಗ ಬದಲಿಸಿದರೆ ಗಡಿ ಅದರ ಹಿಂದೆ ಓಡಿಹೋಗುವುದಿಲ್ಲ, ಹಳೆಯ ಪಾತ್ರದಲ್ಲೇ ಇರುತ್ತದೆ ಎಂದು ವಿವರಿಸಿ, ಹಳ್ಳದ ನಡುವೆ ಗೂಟ ಹೊಡೆಸಿ ಹಗ್ಗ ಬಿಗಿದ. ಕೈ ತೊಳೆದುಕೊಂಡು ತಿರುಗುವಷ್ಟರಲ್ಲಿ ಹಗ್ಗದ ಉದ್ದಕ್ಕೂ ಗಿರಾಕಿಗಳ ಒದ್ದೆ ಪ್ಯಾಂಟುಗಳು ನೇತಾಡುತ್ತಿದ್ದವು.

"ಅಮ್ಮಾ, ಇದು ದೇಶದ ಗಡಿ."

"ಒಣಗಿದ ತಕ್ಷಣ ತೆಗೀತೀನಿ."

ಸರ್ವೆಯರ್ ಆಕಾಶ ನೋಡಿದ. ಬಿಸಿಲು ಚೆನ್ನಾಗಿಯೇ ಇತ್ತು. ಬೇಸಿಗೆಯಲ್ಲಿ ಎರಡೂ ಸರ್ಕಾರಗಳು ಸೇರಿ ಕಾಲುವೆ ತೋಡಿ ನದಿಯನ್ನು ಮೊದಲಿನ ಜಾಗಕ್ಕೇ ತರುತ್ತವೆ ಎಂದು ಹೇಳಿ ಹೊರಟುಹೋದ.

ದರ್ಜಿ ಬಹಳ ಹೊತ್ತು ಗೋಡೆಯ ಕೆಸರು ಕೆರೆದ. ಆಮೇಲೆ, ಅವಳ ಕಡೆ ತಿರುಗದೆಯೇ, ಹಟವೇನೂ ಇರಲಿಲ್ಲ, ದೋಣಿ ಹತ್ತಲು ಧೈರ್ಯ ಬರಲಿಲ್ಲ, ಎಷ್ಟೋ ಸಲ ದಡದವರೆಗೆ ಹೋಗಿ ವಾಪಸ್ ಬಂದೆ ಎಂದ. ಅತ್ತೆಯ ವಿಷಯ ಎತ್ತಲಿಲ್ಲ.

"ಗೊತ್ತು. ಅಮ್ಮನ ಮನೆ ಕಿಟಕಿಯಿಂದ ಕಾಣಿಸ್ತಿತ್ತು," ಎಂದಳು ಹೆಂಡತಿ.

ಅವನು ಇನ್ನಷ್ಟು ಕೆಸರು ಕೆರೆದ.

"ಬೇಸಿಗೆಗೆ ನದಿ ವಾಪಸ್ ಬರುತ್ತಂತಲ್ಲ."

"ಬರಲಿ," ಎಂದು ಅವಳು ತುಂಬಿದ ಬಕೆಟ್ ಎತ್ತಿಕೊಂಡಳು. "ಅಷ್ಟರಲ್ಲಿ ಈಜು ಕಲಿತುಬಿಡಿ."